ಗ್ರೀಸಮ್ಮನ ಒಂದು ಲೋಟ ಆಯಿಲ್

ಗ್ರೀಸಮ್ಮ ಎಂಬ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಕಿರುಗುಟ್ಟುವುದು ಏನೇ ಇರಲಿ, ಅದಕ್ಕಿಷ್ಟು ಗ್ರೀಸ್ ಬಳಿಯದೆ ಅವಳ ಜೀವಕ್ಕೆ ಸಮಾಧಾನವಿಲ್ಲ. ಮನೆಯ ಬಾಗಿಲು, ಹೊಲಿಗೆ ಯಂತ್ರ, ಬೀದಿ ಕೊನೆಯ ಗೇಟು, ಪಕ್ಕದ ಮನೆಯವಳ ಬೆರಳಲ್ಲಿ ಸಿಕ್ಕಿಬಿದ್ದ ಉಂಗುರ, ಎಲ್ಲಕ್ಕೂ ಅದೊಂದೇ ಮದ್ದು. ಗಂಡನೊಬ್ಬ ಮಾತ್ರ ತಪ್ಪಿಸಿಕೊಂಡಿದ್ದ. ಅವನು ಕಿರುಗುಟ್ಟುವ ಪೈಕಿಯಲ್ಲ, ಏನು ಹೇಳಿದರೂ 'ಹೂಂ' ಅನ್ನುವ ಪೈಕಿ.

ಮೂರು ಗಾಲಿಯ ಡೀಸೆಲ್ ಗೂಡ್ಸ್ ಆಟೋ ಕೊಂಡದ್ದು ಈ ಮಹಾಶಯನೇ. ಆದರೆ ಪುಣ್ಯಾತ್ಮನಿಗೆ ರಿವರ್ಸ್ ಒಲಿಯಲಿಲ್ಲ. ಆಸ್ಪತ್ರೆಯ ಹಿಂದಿನ ಸಂದಿಯೊಂದಕ್ಕೆ ಹೊಕ್ಕವನು ಹಿಂದಕ್ಕೆ ಬರಲಾಗದೆ ಅರ್ಧ ದಿನ ಅಲ್ಲೇ ಕೂತಿದ್ದ. ಕೊನೆಗೆ ಹೆಂಡತಿ ಹೋಗಿ ಗಾಡಿಯನ್ನೂ ಗಂಡನನ್ನೂ ಹೊರಗೆ ತಂದಳು. ಅಂದಿನಿಂದ ಹ್ಯಾಂಡಲ್ ಅವಳ ಕೈಗೆ, ಸೌಟು ಅವನ ಕೈಗೆ. ಅಡುಗೆಯ ರುಚಿ ಹೆಚ್ಚಿತು ಎಂದು ಮನೆಯವರೆಲ್ಲ ಒಪ್ಪಿಕೊಂಡರು.

ಬೆಳಗ್ಗೆ ಅವಳು ಒಗೆದ ಹಾಸಿಗೆ ಬಟ್ಟೆಗಳನ್ನು ಆಸ್ಪತ್ರೆಗೆ ಮುಟ್ಟಿಸಿ ಕೊಳಕಾದದ್ದನ್ನು ಹೊತ್ತು ತರುತ್ತಿದ್ದಳು. ಮಧ್ಯಾಹ್ನದ ಮೇಲೆ ಅದೇ ಗಾಡಿಯಲ್ಲಿ ಅವಳ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ರಟ್ಟಿನ ಪೆಟ್ಟಿಗೆ ಸಾಗಿಸುತ್ತಿದ್ದಳು. ಎರಡು ಮನೆಯ ಒಲೆ ಉರಿಯುತ್ತಿದ್ದದ್ದು ಈ ಒಂದು ಎಂಜಿನ್ನಿನಿಂದ. ಅದು ಕೈಕೊಟ್ಟರೆ ಇನ್ನೊಂದನ್ನು ಕೂರಿಸುವ ತಾಕತ್ತು ಇಬ್ಬರಿಗೂ ಇರಲಿಲ್ಲ.

ಗಾಡಿಯ ಆರೈಕೆ ಮಾತ್ರ ಪೂರ್ತಿ ಗ್ರೀಸಮ್ಮನದು. ಏರ್ ಫಿಲ್ಟರನ್ನು ಗೋಡೆಗೆ ಬಡಿದು ಧೂಳು ಕೊಡವುವಳು, ಟೈರಿಗೆ ಹಿಮ್ಮಡಿಯಿಂದ ಒದ್ದು ಗಾಳಿ ನೋಡುವಳು, ವಾರಕ್ಕೊಮ್ಮೆ ಎಂಜಿನ್ನಿಗೆ ಸ್ಟೀಲ್ ಲೋಟದ ತುಂಬ ಆಯಿಲ್ ಹಾಕುವಳು. ಹಳೇ ಎಂಜಿನ್, ಅಷ್ಟನ್ನು ಕುಡಿದೇ ಕುಡಿಯುತ್ತಿತ್ತು. ಆಯಿಲ್ ಎಷ್ಟಿದೆ ಎಂದು ಅಳೆಯಲು ಎಂಜಿನ್ನಿನಲ್ಲೇ ಒಂದು ಕಡ್ಡಿ ಇರುತ್ತದಲ್ಲ, ಅದನ್ನು ಅವಳು ಎಂದೂ ಎಳೆದು ನೋಡಿದವಳಲ್ಲ. ಎದುರು ಅಂಗಡಿಯ ಮೆಕ್ಯಾನಿಕ್ ಕೇಳಿದರೆ, "ಹಾಕೋಳು ನಾನೊಬ್ಳೇ, ಕುಡಿಯೋದು ಅದೊಂದೇ. ಮಧ್ಯೆ ಅಳೆಯೋದೇನಿದೆ?" ಎಂದು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಹೀಗಿರುವಾಗ ಒಂದು ದಿನ ಓರಗಿತ್ತಿಯ ಪಾಳಿಯಲ್ಲಿ ಕ್ಲಚ್ ಕೇಬಲ್ ತುಂಡಾಯಿತು. ಗ್ರೀಸಮ್ಮ ಆ ಮೆಕ್ಯಾನಿಕ್‌ನ ಎದುರಿಗೇ ನಾಲಿಗೆ ಹರಿಬಿಟ್ಟಳು. "ಇವಳಿಗೆ ಹತ್ತೋದಷ್ಟೇ ಗೊತ್ತು. ಗಾಡಿಗೆ ಒಂದು ತೊಟ್ಟು ಎಣ್ಣೆ ಬಿಟ್ಟ ಕೈಯಲ್ಲ ಅದು. ಇನ್ಮೇಲೆ ನಾನು ಮುಟ್ಟಲ್ಲ, ಇವಳೇ ನೋಡ್ಕೊಳ್ಳಲಿ."

ಓರಗಿತ್ತಿ ಕೀಯನ್ನು ಸೀಟಿನ ಮೇಲಿಟ್ಟು ಮನೆಗೆ ನಡೆದಳು. ಅಂದಿನಿಂದ ಕೀ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು ನಿಂತು, ಮೆಟ್ಟಿಲ ಬಳಿಯ ಮೊಳೆಗೆ ನೇತುಬಿತ್ತು. ಇನ್ನು ಗ್ರೀಸಮ್ಮನ ಶಪಥವೋ, ಮರುದಿನವೇ ಲೋಟ ಹಿಡಿದು ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಓರಗಿತ್ತಿಯನ್ನು ನಂಬಿ ಗಾಡಿ ಬಿಡುವುದುಂಟೇ?

ಮಾತು ಬಿಟ್ಟು ಎರಡು ತಿಂಗಳಾಯಿತು. ನಿಜ ಹೇಳಬೇಕೆಂದರೆ ಗ್ರೀಸಮ್ಮನಿಗೆ ಓರಗಿತ್ತಿಯಿಲ್ಲದೆ ಹೊತ್ತು ಹೋಗುತ್ತಿರಲಿಲ್ಲ. ಯಾವ ಡಾಕ್ಟರಿಗೂ ಯಾವ ನರ್ಸಿಗೂ ಜಗಳ ಎಂಬಂಥ ಅಮೂಲ್ಯ ಸುದ್ದಿಗಳು ಅವಳ ಹೊಟ್ಟೆಯಲ್ಲೇ ಕೊಳೆಯುತ್ತಿದ್ದವು. ಗಂಡನಿಗೆ ಹೇಳಿದರೆ ಹೂಂ. ಆದರೆ ತಾನಾಗಿ ಹೋಗಿ ಮಾತಾಡಿಸಲು ಬಿಗುಮಾನ ಅಡ್ಡ ಬರುತ್ತಿತ್ತು. ಅಷ್ಟರಲ್ಲಿ ಗಾಡಿ ನೀಲಿ ಹೊಗೆ ಬಿಡತೊಡಗಿತು. ಎಂಜಿನ್ ಆಯಿಲನ್ನು ಜಾಸ್ತಿ ಕುಡಿಯುತ್ತಿದೆ ಎಂದು ತೀರ್ಮಾನಿಸಿ ಇನ್ನರ್ಧ ಲೋಟ ಸೇರಿಸಿದಳು.

ಮರುದಿನ ಮಧ್ಯಾಹ್ನ ಮನೆ ಮುಂದೆ ಗಾಡಿ ನಿಲ್ಲಿಸಿ ಕೀ ತಿರುಗಿಸಿದಳು. ಎಂಜಿನ್ ನಿಲ್ಲಲಿಲ್ಲ. ಕೀ ಕಿತ್ತಳು. ಅದು ಇನ್ನೂ ಜೋರಾಗಿ ಅರಚಿತು. ಕೈಯಲ್ಲಿ ಕೀ ಹಿಡಿದು ಅವಳು ಬೀದಿಯಲ್ಲಿ ನಿಂತಿದ್ದರೆ ಗಾಡಿ ಮೈಮೇಲೆ ದೇವರು ಬಂದಂತೆ ಕುಣಿಯುತ್ತಿತ್ತು. ಬೀದಿಗೆ ಬೀದಿಯೇ ಹೊಗೆಯಲ್ಲಿ ಮುಳುಗಿತು. ನೋಡಲು ಬಂದ ಗಂಡಸರು ಕಾಲಿಗೆ ಬುದ್ಧಿ ಹೇಳಿದರು.

ಮೆಕ್ಯಾನಿಕ್ ಓಡಿ ಬರುತ್ತಲೇ ಕೂಗಿದ, "ಆಯಿಲನ್ನೇ ಡೀಸೆಲ್ ಥರ ಉರಿಸ್ತಿದೆ. ಗಾಳಿ ಎಳೆಯೋ ಪೈಪಿನ ಬಾಯಿ ಮುಚ್ಚಿ, ಇಲ್ಲಾಂದ್ರೆ ಎಂಜಿನ್ ಒಡೆದು ಹೋಗುತ್ತೆ."

ಗ್ರೀಸಮ್ಮ ಕೀಯನ್ನು ಮತ್ತೆ ತೂರಿಸಿ ತಿರುಗಿಸತೊಡಗಿದಳು. ಹೊಗೆಯೊಳಗಿಂದ ಯಾರೋ ಅವಳನ್ನು ಪಕ್ಕಕ್ಕೆ ತಳ್ಳಿದರು. ಓರಗಿತ್ತಿ.

"ಬಟ್ಟೆ ಕೊಡಿ ಅಕ್ಕ."

ಗ್ರೀಸಮ್ಮ ಗಂಟು ಬಿಚ್ಚಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಚಿ ಮಡಚಿ ಕೊಟ್ಟಳು. ಯಾವ ವಾರ್ಡಿನದು, ಮೇಲೇನು ಮೆತ್ತಿದೆ ಎಂದು ಯಾರೂ ಕೇಳಲಿಲ್ಲ. ಓರಗಿತ್ತಿ ಅದನ್ನು ಪೈಪಿನ ಬಾಯಿಗೆ ಅದುಮಿದಳು, ಗ್ರೀಸಮ್ಮ ಅವಳ ಕೈ ಮೇಲೆ ತನ್ನ ಕೈ ಅದುಮಿದಳು. ಎಂಜಿನ್ ಕೆಮ್ಮಿತು, ಗಾಡಿ ಒಮ್ಮೆ ನಡುಗಿ ಸುಮ್ಮನಾಯಿತು.

ಎಂಜಿನ್ ತಣ್ಣಗಾದ ಮೇಲೆ ಮೆಕ್ಯಾನಿಕ್ ಕಡ್ಡಿ ಎಳೆದು ನೋಡಿ ತಲೆ ಚಚ್ಚಿಕೊಂಡ. "ಇಲ್ಲಿ ಎರಡು ಗೆರೆ ಇದೆ, ಆಯಿಲ್ ಇವುಗಳ ನಡುವೆ ಇರ್ಬೇಕು. ಇದು ಹಿಡಿ ಹತ್ರ ಬಂದಿದೆ. ಯಾರು ಸುರಿದಿದ್ದು ಇಷ್ಟನ್ನ?"

"ನಾನು," ಎಂದರು ಇಬ್ಬರೂ.

ಗ್ರೀಸಮ್ಮ ತಿರುಗಿ ನೋಡಿದಳು. ಓರಗಿತ್ತಿ ಮಸಿ ಹಿಡಿದ ಕೈಯನ್ನು ಸೆರಗಿಗೆ ಒರೆಸುತ್ತ ಹೇಳಿದಳು, "ಮುಟ್ಟಲ್ಲ, ನೀನೇ ನೋಡ್ಕೋ ಅಂದ್ರಲ್ಲ ಅಕ್ಕ. ಮುಂಚೆ ನೀವು ಹಾಕ್ತಿದ್ದದ್ದು ನೋಡಿದ್ದೆ. ಅವತ್ತಿಂದ ವಾರಕ್ಕೊಂದು ಲೋಟ ನಾನೂ ಹಾಕ್ತಾ ಬಂದೆ."

"ಹಾಕೋ ಮುಂಚೆ ಕಡ್ಡಿ ನೋಡೋಕೇನಾಗಿತ್ತು ಇವಳಿಗೆ?" ಎಂದ ಮೆಕ್ಯಾನಿಕ್.

"ನೋಡೋಕೆ ಬರಲ್ಲ," ಎಂದಳು ಓರಗಿತ್ತಿ. ಕಣ್ಣು ನೆಲ ನೋಡುತ್ತಿತ್ತು.

ಬೀದಿಯೆಲ್ಲ ಕಿವಿಯಾಗಿತ್ತು. ಓಡಿಹೋಗಿದ್ದ ಗಂಡಸರೂ ವಾಪಸು ಬಂದಿದ್ದರು. ಇಷ್ಟು ವರ್ಷ ಕಟ್ಟಿಕೊಂಡ ಮರ್ಯಾದೆಯನ್ನೆಲ್ಲ ಗ್ರೀಸಮ್ಮ ಒಂದೇ ಗುಟುಕಿಗೆ ನುಂಗಿದಳು.

"ನನಗೂ ಬರಲ್ಲ ಕಣೇ," ಎಂದಳು.

ಮೆಕ್ಯಾನಿಕ್ ಹೆಚ್ಚಿನ ಆಯಿಲ್ ಇಳಿಸಿ, ಎಂಜಿನ್ ಉಳಿದಿದೆ ಎಂದು ಹೇಳಿ, ಕಡ್ಡಿಯನ್ನು ಒರೆಸಿ ಗ್ರೀಸಮ್ಮನ ಮುಂದೆ ಹಿಡಿದ. ಅವಳು ತೆಗೆದುಕೊಂಡು ಓರಗಿತ್ತಿಯ ಕೈಗೆ ಕೊಟ್ಟಳು.

"ಮೊದಲು ನೀನು ಕಲಿ," ಎಂದಳು. "ಆಮೇಲೆ ನನಗೆ ಹೇಳಿಕೊಡು."