ಹಗಲಲ್ಲಿ ಬಂದ ರಕೂನ್

ವೆಸ್ಟ್ ವರ್ಜೀನಿಯಾದ ನಮ್ಮ ಕಣಿವೆಯಲ್ಲಿ ಡೆಲ್ಫಾ ಸ್ಟಂಪ್ ಇಪ್ಪತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಹಿಮ ಗಟ್ಟಿಯಾದ ತಿರುವುಗಳಲ್ಲೂ ಒಂದು ಮಗುವಿಗೂ ತರಚುಗಾಯವಾಗಲು ಬಿಟ್ಟವಳಲ್ಲ. ನಿವೃತ್ತಿಯಾದ ಮೇಲೆ ಆ ಎಚ್ಚರವೆಲ್ಲ ಹಿತ್ತಲಿನ ಹನ್ನೊಂದು ಕೋಳಿಗಳ ಪಾಲಾಯಿತು. ಬೇಲಿಯಾಚೆ ಅವಳ ತಂಗಿ ವಿಲ್ಮಾಳ ಮನೆ, ಎದುರಿಗೆ ನನ್ನದು.

ಏಪ್ರಿಲಿನ ಒಂದು ಬೆಳಿಗ್ಗೆ ಗೂಡಿನಲ್ಲಿ ಎರಡು ಕೋಳಿಗಳು ತಲೆಯಿಲ್ಲದೆ ಬಿದ್ದಿದ್ದವು. ಬಾಗಿಲು ಹಾಕಿದ ಹಾಗೇ ಇತ್ತು. ತಂತಿಬಲೆ ಎಲ್ಲೂ ಹರಿದಿರಲಿಲ್ಲ. ಹೊರಗಿನ ಒದ್ದೆ ಮಣ್ಣಿನಲ್ಲಿ ಮಾತ್ರ ಎಳೆಮಗುವಿನ ಅಂಗೈಯಂಥ ಗುರುತುಗಳು.

"ರಕೂನ್," ಎಂದಳು ಡೆಲ್ಫಾ. ಬೆಕ್ಕಿಗಿಂತ ತುಸು ದೊಡ್ಡದಾದ, ಕೈಯಂಥ ಮುಂಗಾಲಿನ, ಕತ್ತಲಾದ ಮೇಲೆ ತಿರುಗುವ ಕಾಡುಪ್ರಾಣಿ ಅದು. "ಬಲೆಗೆ ಒರಗಿ ಮಲಗಿದ್ದವನ್ನ ಕಂಡಿ ಒಳಗೆ ಕೈ ಹಾಕಿ ಎಳ್ದಿದೆ. ಈ ಬಲೆ ಕೋಳೀನ ಹೊರಗೆ ಬಿಡಲ್ಲ ಅಷ್ಟೆ. ಅದರ ಕೈನ ತಡೆಯಲ್ಲ."

ಬೆರಳೂ ತೂರದ ಸಣ್ಣ ಕಣ್ಣಿನ ಗಟ್ಟಿ ಬಲೆ ತಂದು ಬಡಿದಳು. ಕೆಳಗಿನಿಂದ ಕೊರೆಯದಿರಲೆಂದು ಸುತ್ತಲೂ ಒಂದಡಿ ಅಗೆದು ಹೂತಳು. ಮೂರನೇ ವಾರ ಆ ಪ್ರಾಣಿ ಬಾಗಿಲಿನ ಕೊಕ್ಕೆಯನ್ನೇ ಎತ್ತಿ ಒಳಗೆ ನುಗ್ಗಿ ಮೂರನ್ನು ಕೊಂದಿತು. ಆಮೇಲೆ, ಒತ್ತಿ ತಿರುಗಿಸಿದರಷ್ಟೇ ತೆರೆಯುವ ಚಿಲಕ ಬಂತು.

ರಕೂನ್‌ಗಳು ಇಷ್ಟು ಹತ್ತಿರ ಬರಲು ಕಾರಣ ಅವಳಿಗೆ ಗೊತ್ತಿತ್ತು. ವಿಲ್ಮಾ ಸಂಜೆಯಾದರೆ ಅವುಗಳಿಗೆಂದು ಮೆಟ್ಟಿಲ ಮೇಲೆ ಬ್ರೆಡ್ಡು, ಬೆಕ್ಕಿನ ತಿಂಡಿ ಇಡುತ್ತಿದ್ದಳು.

"ನನ್ನ ಗೂಡಿಗೆ ದಾರಿ ತೋರಿಸ್ತಿರೋದು ನಿನ್ನ ಬಟ್ಟಲೇ ಕಣೆ."

"ಅವೂ ಮರಿ ಹಾಕಿದಾವೆ ಅಕ್ಕ. ಹೊಟ್ಟೆ ಅನ್ನೋದು ನಿನ್ನ ಕೋಳಿಗಳಿಗೆ ಮಾತ್ರ ಇರೋದಾ?"

"ಸರಿ, ಸಾಕ್ಕೋ. ನನ್ನ ಬಾಗಿಲಿಗೆ ಬರಬೇಡ."

ಹದಿನೈದು ದಿನ ಅಕ್ಕತಂಗಿಯರು ಮಾತು ಬಿಟ್ಟರು.

ಮೇ ತಿಂಗಳ ಒಂದು ಮಂಗಳವಾರ, ನಡುಮಧ್ಯಾಹ್ನ, ಅಂಗಳದಲ್ಲಿದ್ದ ಆರೂ ಕೋಳಿಗಳು ಒಮ್ಮೆಗೇ ಸುಮ್ಮನಾಗಿ ಪೊದೆಯಡಿ ಸೇರಿದವು. ನಾನು ಕಿಟಕಿಯಿಂದ ನೋಡಿದೆ. ಬಯಲಲ್ಲೇ ಒಂದು ರಕೂನ್ ಹಿಂಗಾಲು ಎಳೆಯುತ್ತ ಬರುತ್ತಿತ್ತು. ಕೋಳಿಗಳತ್ತ ಅದರ ಗಮನವೇ ಇರಲಿಲ್ಲ. ನಿಂತಲ್ಲೇ ಒಂದು ಸುತ್ತು ತಿರುಗಿ, ಮತ್ತೆ ವಿಲ್ಮಾಳ ಮೆಟ್ಟಿಲ ಕಡೆ ನಡೆಯಿತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ವಿಲ್ಮಾ ಬಟ್ಟಲು ಹಿಡಿದು ಹೊರಗೆ ಬಂದಳು.

"ಬಾ ಮರಿ. ಇವತ್ತು ಇಷ್ಟು ಬೇಗ ಹಸಿವಾಯ್ತಾ?"

"ವಿಲ್ಮಾ, ಒಳಗೆ ಹೋಗು."

ಡೆಲ್ಫಾ ಬಂದೂಕು ಹಿಡಿದು ಬೇಲಿಯ ಬಳಿ ನಿಂತಿದ್ದಳು. ಕೂಗಲಿಲ್ಲ. ಬಸ್ಸಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಅದೇ ದನಿ. ವಿಲ್ಮಾ ಒಳಗೆ ಹೋದಳು. ಡೆಲ್ಫಾ ಎದೆಗೆ ಗುರಿಯಿಟ್ಟು ಹೊಡೆದಳು. ಹುಚ್ಚು ಹಿಡಿದಿದೆಯೇ ಎಂಬ ಪರೀಕ್ಷೆಗೆ ಮಿದುಳು ಕೆಡದೆ ಉಳಿಯಬೇಕಿತ್ತು.

ನಾನು ಹೋಗುವಷ್ಟರಲ್ಲಿ ಅವಳು ತಂಗಿಯ ಬಲಗೈ ಹಿಡಿದು ನಿಂತಿದ್ದಳು. ಹೆಬ್ಬೆರಳಿಗೆ ಪಟ್ಟಿ ಸುತ್ತಿತ್ತು.

"ಇದೇನು?"

"ಗುಲಾಬಿ ಮುಳ್ಳು."

"ವಿಲ್ಮಾ."

ವಿಲ್ಮಾ ನೆಲ ನೋಡಿದಳು. "ಶನಿವಾರ ಬ್ರೆಡ್ ಕೊಡುವಾಗ ಹಲ್ಲು ತಾಗ್ತು. ಇದೇನಾ ಬೇರೇದಾ ಗೊತ್ತಿಲ್ಲ. ನಿನಗೆ ಹೇಳಿದ್ರೆ ನೀನೇ ಗೆದ್ದ ಹಾಗಾಗ್ತಿತ್ತಲ್ಲ."

ಡೆಲ್ಫಾ ಬೈಯಲಿಲ್ಲ. ಸೋಪು ಹಚ್ಚಿ ಆ ಕೈಯನ್ನು ನಲ್ಲಿಯಡಿ ಬಹಳ ಹೊತ್ತು ತೊಳೆದು, ನಲವತ್ತು ಮೈಲಿ ದೂರದ ಆಸ್ಪತ್ರೆಗೆ ಕಾರು ಓಡಿಸಿದಳು. ಮೊದಲ ಚುಚ್ಚುಮದ್ದು ಅಂದೇ ಬಿತ್ತು. ಶುಕ್ರವಾರ ಪ್ರಯೋಗಾಲಯದಿಂದ ಫೋನು ಬಂತು: ಆ ಪ್ರಾಣಿಗೆ ರೇಬೀಸ್ ಇತ್ತು, ತಗುಲಿದವರಿಗೆ ಕೊನೆಗೆ ನೀರೂ ಗಂಟಲಲ್ಲಿ ಇಳಿಯದಂತೆ ಮಾಡುವ ಹುಚ್ಚುರೋಗ.

ಉಳಿದ ಚುಚ್ಚುಮದ್ದುಗಳಿಗೂ ಡೆಲ್ಫಾಳೇ ಕರೆದೊಯ್ದಳು. ಸಕಾಲಕ್ಕೆ ಬಂದಿದ್ದೀರಿ, ಇನ್ನು ಹೆದರಬೇಡಿ ಎಂದರು ಡಾಕ್ಟರು. ವಿಲ್ಮಾ ನಂಬಿದಳು, ಡೆಲ್ಫಾಳಿಂದ ಆಗಲಿಲ್ಲ. ಒಂದು ಸಂಜೆ ನನ್ನ ಬಳಿ ಹೇಳಿದಳು: "ಶನಿವಾರದಿಂದ ಮಂಗಳವಾರದ ತನಕ ಅವಳ ಕೈಲಿ ಆ ಗಾಯ ಇತ್ತು, ನಾನು ಗೂಡಿನ ಚಿಲಕಕ್ಕೆ ಎಣ್ಣೆ ಬಿಡ್ತಾ ಕೂತಿದ್ದೆ."

ವಿಲ್ಮಾ ಬದುಕಿದಳು; ಈಗಲೂ ಚೆನ್ನಾಗಿದ್ದಾಳೆ. ಆದರೆ ಆ ಬೇಸಿಗೆಯಿಡೀ ಅವಳು ನೀರಿನ ಲೋಟ ಎತ್ತಿದಾಗಲೆಲ್ಲ ಡೆಲ್ಫಾ ಮಾತು ನಿಲ್ಲಿಸಿ, ನೀರು ಗಂಟಲಲ್ಲಿ ಇಳಿಯುವ ತನಕ ನೋಡುತ್ತ ಕೂರುತ್ತಿದ್ದಳು.