ಅಕ್ಕನ ಆಯಾಸ ಮತ್ತು ನನ್ನ ಸ್ಪೆಲ್ಲಿಂಗ್

ಮೂಗು, ಬಾಯಿ ಮುಚ್ಚಿದ್ದ ಆಕ್ಸಿಜನ್ ಮಾಸ್ಕನ್ನು ಒಂದು ಬೆರಳಿನಿಂದ ಸರಿಸಿ ಅಕ್ಕ ನನ್ನನ್ನು ಕೇಳಿದಳು: "ಲೋ, ನಾನು ಅಂಥದ್ದೇನು ಹೇಳಿಬಿಟ್ಟೆ ಅಂತ ಇವರು ಇದನ್ನೆಲ್ಲ ಹಾಕ್ತಿದಾರೆ?"

ಅವಳು ಹೇಳಿದ್ದು ಒಂದೇ ಪದ. ಆಯಾಸ.

ಆಸ್ಪತ್ರೆಯ ಕ್ಯಾಶುಯಾಲ್ಟಿಗೆ ಹೋದ ತಕ್ಷಣ ಡ್ಯೂಟಿಯಲ್ಲಿದ್ದ ಸಿಸ್ಟರ್ ಕೇಳಿದ್ದರು, "ಏಮಯಿಂದಮ್ಮಾ? ಆಯಾಸಮಾ?" ಎರಡು ತಿಂಗಳಿಂದ ವಿಶಾಖಪಟ್ಟಣದಲ್ಲಿದ್ದು ತೆಲುಗಿನ ಒಂದು ಪದವೂ ಅರ್ಥವಾಗದೆ ಒದ್ದಾಡುತ್ತಿದ್ದ ನಮ್ಮಕ್ಕನಿಗೆ, ಅಂತೂ ಒಂದು ಗುರುತಿನ ಪದ ಸಿಕ್ಕ ಖುಷಿ. "ಹೂಂ ಕಣಮ್ಮ, ಆಯಾಸ. ವಿಪರೀತ ಆಯಾಸ" ಅಂದಳು.

ಅಷ್ಟೇ. ವೀಲ್‌ಚೇರ್ ಬಂತು, ಮಾಸ್ಕ್ ಬಂತು, ಎದೆಗೆ ಇಸಿಜಿಯ ತಂತಿಗಳು ಬಂದವು. ನಮ್ಮ ಕಡೆ ಆಯಾಸ ಅಂದರೆ ಸುಸ್ತು. ಮದುವೆ ಮನೆಯಿಂದ ಬಂದವರಿಗೆ ಆಗುವುದು, ಆಫೀಸಿಂದ ಬಂದ ಗಂಡಸರಿಗೆ ದಿನಾ ಆಗುವುದು. ತೆಲುಗಿನವರು ಆಯಾಸಂ ಅಂದರೆ ಉಸಿರು ಸಿಗುತ್ತಿಲ್ಲ ಅಂತ. ಸುಸ್ತಾದವಳೊಬ್ಬಳು ಒಂದೇ ಪದದಲ್ಲಿ ಹೃದಯದ ರೋಗಿಯಾಗಿಬಿಟ್ಟಿದ್ದಳು.

ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿದ್ದ ಮನುಷ್ಯ ಪಕ್ಕದಲ್ಲೇ ನಿಂತಿದ್ದ. ನಾನೇ. ವೈದ್ಯಕೀಯ ಪದಗಳೇ ನನ್ನ ಅನ್ನ ಅನ್ನುವುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಮಧುರವಾಡದಲ್ಲಿರುವ ಮೆಡಿಕಲ್ ಟ್ರಾನ್‌ಸ್ಕ್ರಿಪ್ಷನ್ ಕಂಪನಿಯಲ್ಲಿ ನನಗೆ ಎಡಿಟರ್ ಕೆಲಸ. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿ ಫೋನಿನಲ್ಲಿ ಗೊಣಗಿದ್ದನ್ನು ನಮ್ಮ ಹುಡುಗ ಹುಡುಗಿಯರು ಕಿವಿಗೆ ಹೆಡ್‌ಫೋನ್ ಹಾಕಿ, ಕಾಲಲ್ಲಿ ಪೆಡಲ್ ಒತ್ತುತ್ತಾ ಟೈಪ್ ಮಾಡುತ್ತಾರೆ. ಅದರಲ್ಲಿ ತಪ್ಪು ಹುಡುಕುವವನು ನಾನು. (ಮನೆಯಲ್ಲೂ ಅದೇ ಕೆಲಸ ಮಾಡುತ್ತೇನೆ ಎಂಬುದು ಹೆಂಡತಿ ಸುಧಾಳ ದೂರು.)

ಈ ಇಂಗ್ಲಿಷ್ ಬೇರೆಯದೇ ಲೋಕ. ಪದ್ಮಜ ಅಂತ ಒಬ್ಬ ಟ್ರೈನಿ ಇದ್ದಾಳೆ, ವಿಜಯವಾಡದವಳು. ಅವಳಪ್ಪನಿಗೆ ಆಟೋನಗರ್‌ನಲ್ಲಿ ಲಾರಿ ರಿಪೇರಿಯ ಶೆಡ್ಡು. ಅವರ ಹಾರ್ಟ್ ಚೆಕಪ್ ರಿಪೋರ್ಟಿನಲ್ಲಿ 'ಅನ್‌ರಿಮಾರ್ಕಬಲ್' ಎಂದು ಬರೆದಿತ್ತಂತೆ. ಹಾಗೆಂದರೆ ಯಾವ ದೋಷವೂ ಕಾಣಲಿಲ್ಲ, ಆರಾಮಾಗಿದ್ದೀರಿ ಅಂತ. ಆದರೆ ಅವರು ಡಿಕ್ಷನರಿ ನೋಡಿ, ಹೇಳಿಕೊಳ್ಳುವಂಥದ್ದೇನೂ ಇಲ್ಲ ಎಂದು ಅರ್ಥ ಮಾಡಿಕೊಂಡು ಎರಡು ದಿನ ಮುನಿಸಿಕೊಂಡಿದ್ದರಂತೆ. ಪದ್ಮಜಳಿಗೆ ಇನ್ನೊಂದು ಅನುಮಾನ. "ಸರ್, ಪೇಷೆಂಟ್ ಡಿನೈಸ್ ಚೆಸ್ಟ್ ಪೇನ್ ಅಂತ ಬರೀತಾರೆ ಕದಾ? ಎದೆನೋವಿಲ್ಲ ಅಂತ ಅವನು ಹೇಳಿದರೆ ನಂಬಬೇಕು ಕದಾ ಅಂಡಿ, ಯಾಕೆ ಕಳ್ಳನ ಥರ ಬರೀತಾರೆ?" ಇಡಿಯೋಪಥಿಕ್ ಅಂತ ಇನ್ನೊಂದು ಪದ. ಕೇಳುವುದಕ್ಕೆ ಎಷ್ಟು ಗಂಭೀರ. ಅರ್ಥ ಮಾತ್ರ, ಇದು ಯಾಕೆ ಬಂತೋ ನಮಗೂ ಗೊತ್ತಿಲ್ಲ.

ಇಂಥ ಎರಡು ಸಾವಿರ ಪದಗಳಾದರೂ ನನಗೆ ಬಾಯಿಪಾಠ. ಆದರೂ ಅಕ್ಕ ಮೊದಲ ಸಲ ಆಯಾಸ ಅಂದಾಗ ನಾನೇನು ಮಾಡಿದೆ? ನಿಂಬೆಹಣ್ಣಿನ ಪಾನಕ ಕುಡಿ ಅಂದೆ.

ಅಕ್ಕ ಗಿರಿಜ ನನಗಿಂತ ಹದಿಮೂರು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆಯ ಎಲ್ಲ ಕಷ್ಟ ಸುಖಕ್ಕೂ ಅವಳೇ. ಸುಧಾಳ ಹೆರಿಗೆಯಾದಾಗ, ಭಾವನನ್ನೂ ಹೊಲಿಗೆ ಮೆಷಿನ್ನನ್ನೂ ತಿಪಟೂರಿನಲ್ಲಿ ಬಿಟ್ಟು ಬಾಣಂತನಕ್ಕೆ ಬಂದಳು. ನಮ್ಮದು ಬಣ್ಣದ ವಾಸನೆ ಇನ್ನೂ ಹೋಗಿರದ ಅಪಾರ್ಟ್‌ಮೆಂಟ್. ನಾಲ್ಕನೇ ಮಹಡಿ. ಲಿಫ್ಟ್ ವಾರದಲ್ಲಿ ಮೂರು ದಿನ ಕೆಲಸ ಮಾಡಿದರೆ ಆ ವಾರ ಒಳ್ಳೆಯದು. ಅಕ್ಕ ಬೆಳಗ್ಗೆ ಎದ್ದು ಹಂಡೆಯಷ್ಟು ನೀರು ಕಾಯಿಸಿ, ಬಾಣಂತಿಗೆ ಎಣ್ಣೆ ಹಚ್ಚಿ, ಮಗುವಿಗೆ ನೀರೆರೆದು, ಅಡುಗೆ ಮಾಡಿ, ಬಟ್ಟೆ ಒಗೆದು, ಸೊಪ್ಪು ಬೇಕೆಂದು ಕೆಳಗಿಳಿದು ಹತ್ತಿ ಬರುತ್ತಿದ್ದಳು. ಹತ್ತಿ ಬಂದವಳು ಗೋಡೆಗೆ ಒರಗಿ "ಯಾಕೋ ಆಯಾಸ ಕಣೋ" ಅನ್ನುತ್ತಿದ್ದಳು.

"ವೈಜಾಗ್ ಸೆಕೆ ಅಕ್ಕ, ಅಭ್ಯಾಸ ಆಗತ್ತೆ" ಅನ್ನುತ್ತಿದ್ದೆ ನಾನು. ಒಮ್ಮೆ ಪಾನಕ, ಒಮ್ಮೆ ಗ್ಲೂಕೋಸ್ ಪುಡಿ. ಇನ್ನೊಮ್ಮೆ, "ವಯಸ್ಸಾಯ್ತಲ್ಲ ನಿಂಗೂ" ಎಂಬ ತಮಾಷೆ. ಅವಳಿಗೆ ನಲವತ್ತಾರು.

ಆ ಭಾನುವಾರ ಬೆಳಗ್ಗೆ ಲಿಫ್ಟ್ ಕೆಟ್ಟಿತ್ತು. ತರಕಾರಿ ಚೀಲ ಹಿಡಿದು ಹತ್ತುತ್ತಿದ್ದ ಅಕ್ಕ ಮೂರನೇ ಮಹಡಿಯಲ್ಲಿ ಕೂತವಳು ಏಳಲಿಲ್ಲ. ಮೂರನೇ ಮಹಡಿಯವರು ಬಂದು ಬಾಗಿಲು ಬಡಿದರು. ನಾನು ಓಡಿದೆ. ಬದನೆಕಾಯಿ ಮೆಟ್ಟಿಲ ಮೇಲೆ ಚೆಲ್ಲಿದ್ದವು. ಅಕ್ಕ ಕಂಬಿ ಹಿಡಿದು ಕೂತಿದ್ದಳು. ತುಟಿಗೆ ಬಣ್ಣವೇ ಇರಲಿಲ್ಲ. ಅದನ್ನು ನಾನು ನೋಡಿದ್ದು ಅವತ್ತೇ.

ಹಿಂದೆಯೇ ಮಗು ಎತ್ತಿಕೊಂಡು ಬಂದ ಸುಧಾ, "ಇನ್ನು ಪಾನಕ ಗೀನಕ ಬೇಡ, ಆಸ್ಪತ್ರೆಗೆ ನಡೀರಿ" ಅಂದಳು. ದನಿ ಏರಿಸಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಹೀಗೆ ನಾವು ಆ ಮಾಸ್ಕಿನವರೆಗೆ ಬಂದಿದ್ದು.

ಇಸಿಜಿ ಸರಿಯಾಗೇ ಇತ್ತು. ಆಮೇಲೆ ಹಿರಿಯ ಡಾಕ್ಟರಮ್ಮ ಒಬ್ಬರು ಬಂದರು. ಅಕ್ಕನ ಕೆಳರೆಪ್ಪೆ ಎಳೆದು ನೋಡಿದರು, ಅಂಗೈ ಬಿಡಿಸಿ ನೋಡಿದರು, ರಕ್ತ ತೆಗೆಯಲು ಹೇಳಿದರು. ಮುಕ್ಕಾಲು ಗಂಟೆಯಲ್ಲಿ ರಿಪೋರ್ಟ್ ಬಂತು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಐದೂವರೆ. ಮೈಯಲ್ಲಿ ಅರ್ಧ ರಕ್ತವೇ ಇಲ್ಲ. ಅಷ್ಟರಲ್ಲೇ ಅಕ್ಕ ನಮ್ಮನ್ನೆಲ್ಲ ಸಾಕುತ್ತಿದ್ದಳು.

ಸುಸ್ತು ಅಂದಿದ್ದೂ ನಿಜ, ಉಸಿರು ಸಿಗುವುದಿಲ್ಲ ಎಂದು ಸಿಸ್ಟರ್ ಬರೆದುಕೊಂಡಿದ್ದೂ ನಿಜ. ರಕ್ತ ಅಷ್ಟು ಇಳಿದವರಿಗೆ ಎರಡೂ ಆಗುತ್ತದಂತೆ. ಅಂದರೆ ತೆಲುಗಿನ ಅರ್ಥವೂ ಸರಿ, ಕನ್ನಡದ ಅರ್ಥವೂ ಸರಿ. ತಪ್ಪಾಗಿ ಅರ್ಥ ಮಾಡಿಕೊಂಡಿದ್ದವನು ನಾನೊಬ್ಬನೇ.

ಡಾಕ್ಟರಮ್ಮ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು, "ಎನಿ ಮೆನೊರೇಜಿಯಾ? ಕೇಳಿ ಹೇಳಿ ನಿಮ್ಮ ಅಕ್ಕನನ್ನ."

ಮೆನೊರೇಜಿಯಾ. ತಿಂಗಳ ಸ್ರಾವ ಮಿತಿಮೀರಿ ಹೋಗುವುದು. ಎರಡು ಆರ್, ಆಮೇಲೆ ಒಂದು ಎಚ್. ಆ ಎಚ್ ಬಿಟ್ಟಿದ್ದಕ್ಕೆ ಹಿಂದಿನ ವಾರವಷ್ಟೇ ಪದ್ಮಜಳಿಗೆ ಮಾರ್ಕ್ಸ್ ಕಡಿಮೆ ಮಾಡಿದ್ದೆ. ಆ ಪದ ದಿನಕ್ಕೆ ಹತ್ತು ಸಲ ನನ್ನ ಕಣ್ಣಮುಂದೆ ಹಾದುಹೋಗುತ್ತದೆ.

ಅದನ್ನು ಅಕ್ಕನಿಗೆ ಹೇಗೆ ಕೇಳುವುದು?

ಯೋಚಿಸಿ ನೋಡಿ. ನಾನು ಕೂಸಾಗಿದ್ದಾಗ ಎತ್ತಿ ಆಡಿಸಿದವಳು. ನನ್ನ ಚಡ್ಡಿಗೆ ಗುಂಡಿ ಹೊಲಿದವಳು. ಅವಳ ಮದುವೆಯ ತನಕ ಒಂದೇ ಸೂರಿನಡಿ ಬೆಳೆದಿದ್ದೇವೆ. ಆ ವಿಷಯದಲ್ಲಿ ನಮ್ಮಿಬ್ಬರ ಮಧ್ಯೆ ಒಂದು ಶಬ್ದವೂ ಇಲ್ಲ. ತಿಂಗಳಿಗೆ ಮೂರು ದಿನ ಅವಳು ದೇವರ ಮನೆಗೆ ಹೋಗುತ್ತಿರಲಿಲ್ಲ, ನಾವು ಹುಡುಗರು ಯಾಕೆ ಅಂತ ಕೇಳುತ್ತಿರಲಿಲ್ಲ. ಕೇಳಬಾರದು ಎಂದು ಯಾರೂ ಹೇಳಿಕೊಟ್ಟಿದ್ದೂ ಇಲ್ಲ. ಅದು ಹೇಗೋ ಗೊತ್ತಿರುತ್ತಿತ್ತು.

"ಏನಂತೆ ಡಾಕ್ಟರು?" ಅಂದಳು ಅಕ್ಕ.

"ಅದೇ... ಹೆಂಗಸರ ವಿಷಯ..." ಅಂದೆ.

ಅಕ್ಕ ಫ್ಯಾನ್ ನೋಡಿದಳು. ನಾನು ನೆಲ ನೋಡಿದೆ. ಡಾಕ್ಟರಮ್ಮ ನಮ್ಮಿಬ್ಬರನ್ನೂ ನೋಡಿ, ಸಿಸ್ಟರನ್ನು ಕರೆದು, ನನಗೆ "ಮೀರು ಬಯಟ ಉಂಡಂಡಿ" ಅಂದರು. ಹೊರಗಿರಿ ಅಂತ. ಜೀವನದಲ್ಲಿ ಯಾರಾದರೂ ಹೊರಗೆ ಕಳಿಸಿದ್ದಕ್ಕೆ ಅಷ್ಟು ಸಮಾಧಾನ ನನಗೆ ಆಗಿರಲಿಲ್ಲ.

ಪರದೆಯ ಈಚೆ ನಿಂತಿದ್ದೆ. ಸಿಸ್ಟರಿಗೆ ಐವತ್ತು ದಾಟಿರಬೇಕು. ಅವರಿಗೆ ಕನ್ನಡ ಬಾರದು, ಅಕ್ಕನಿಗೆ ತೆಲುಗು ಬಾರದು. ಇದು ನಡೆಯುವ ಮಾತಲ್ಲ ಅಂದುಕೊಂಡೆ.

"ಅಮ್ಮಾ, ಮುಟ್ಟು ಎನ್ನಿ ರೋಜುಲು?" ಎಂದು ಕೇಳಿತು ಸಿಸ್ಟರ್ ದನಿ. ಎಷ್ಟು ದಿನ ಅಂತ.

ಆಮೇಲೆ ಅಕ್ಕನ ದನಿ. "ಮುಟ್ಟಾ? ನಿಮ್ಮಲ್ಲೂ ಮುಟ್ಟು ಅಂತಲೇ ಅಂತೀರಾ?"

ಅಲ್ಲಿಂದ ಕಟ್ಟೆ ಒಡೆಯಿತು. ಬೆರಳೆಣಿಕೆ, ಕೈಸನ್ನೆ, ಅರ್ಧ ಕನ್ನಡ, ಅರ್ಧ ತೆಲುಗು. ಹತ್ತು ದಿನ, ಹನ್ನೆರಡು ದಿನ. ಒಂದೂವರೆ ವರ್ಷದಿಂದ. ಮಧ್ಯದಲ್ಲಿ ಎಲ್ಲೋ ಇಬ್ಬರೂ ನಕ್ಕರು. (ಯಾಕೆ ನಕ್ಕರೆಂದು ಇವತ್ತಿಗೂ ನನಗೆ ಹೇಳಿಲ್ಲ.) ವೈದ್ಯಕೀಯ ಪದಗಳ ಎಡಿಟರ್ ಸಾಹೇಬರು ಪರದೆಯ ಈಚೆ ನಿಂತು, ಎರಡು ಭಾಷೆಗೂ ಸೇರಿದ ಒಂದು ಹಳೆಯ ಪದ ತನ್ನ ಕೈಯಲ್ಲಾಗದ್ದನ್ನು ಮಾಡುವುದನ್ನು ಕೇಳಿಸಿಕೊಳ್ಳುತ್ತಿದ್ದರು.

ಸ್ಕ್ಯಾನ್ ಮಾಡಿದರು. ಫೈಬ್ರಾಯ್ಡ್ಸ್ ಎಂದು ಬಂತು. "ಹಂಗಂದ್ರೆ?" ಅಂದಳು ಅಕ್ಕ. ಈ ಸಲವಾದರೂ ಉಪಯೋಗಕ್ಕೆ ಬರೋಣ ಎಂದು ನಾನು "ಗರ್ಭಕೋಶದಲ್ಲಿ ಗಡ್ಡೆ" ಅಂದುಬಿಟ್ಟೆ. ಅಕ್ಕನ ಮುಖ ನೋಡಬೇಕಿತ್ತು. ನಮ್ಮೂರಲ್ಲಿ ಗಡ್ಡೆ ಅಂದರೆ ಒಂದೇ ಅರ್ಥ. ಅದರ ಹೆಸರನ್ನೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ಇಲ್ಲ ಅಕ್ಕ, ಬಿನೈನ್ ಅಂತ ಕಾಣತ್ತಂತೆ. ಅಂದ್ರೆ ಕ್ಯಾನ್ಸರ್ ಅಲ್ಲ. ಸಾಧು ಗಡ್ಡೆ."

"ಸಾಧು ಆಗಿದ್ದೇ ಇಷ್ಟು ರಕ್ತ ಕುಡೀತಾ?" ಅಂದಳು ಅಕ್ಕ.

ಮೂರು ಬಾಟಲಿ ರಕ್ತ ಬೇಕಿತ್ತು. ಪದ್ಮಜ ಇನ್ನಿಬ್ಬರು ಟ್ರೈನಿಗಳನ್ನು ಕರೆದುಕೊಂಡು ಬಂದು ಕೊಟ್ಟಳು. ಅಕ್ಕ ಅವಳ ಕೈ ಹಿಡಿದು, "ಇನ್ನು ನಂಗೂ ತೆಲುಗು ಬರಬಹುದು ಬಿಡು" ಅಂದಳು. ಭಾವ ತಿಪಟೂರಿನಿಂದ ಹೊರಟರು. ವಿಜಯವಾಡದಲ್ಲಿ ರೈಲು ಬದಲಿಸಬೇಕಿತ್ತು, ಭಾಷೆ ಬಾರದು. ಪದ್ಮಜಳ ಅಪ್ಪ ಶೆಡ್ಡು ಬಿಟ್ಟು ಸ್ಟೇಷನ್ನಿಗೆ ಬಂದು, ಇಡ್ಲಿ ಪೊಟ್ಟಣ ಕೊಟ್ಟು, ಸರಿಯಾದ ಬೋಗಿಯಲ್ಲಿ ಕೂರಿಸಿದರಂತೆ. ಎಂಥ ರಿಮಾರ್ಕಬಲ್ ಹೃದಯ ನೋಡಿ.

ಭಾವ ಬಂದ ದಿನ ಸಂಜೆ ಸುಧಾ ಮಗುವಿನೊಂದಿಗೆ ವಾರ್ಡಿಗೆ ಬಂದು ಅಕ್ಕನ ಪಕ್ಕ ಕೂತಳು.

"ನನಗಾದರೂ ಹೇಳಬಾರದಿತ್ತಾ ಅಕ್ಕ? ನಾನೂ ಹೆಂಗಸೇ ತಾನೇ?"

"ಹಸಿ ಬಾಣಂತಿ ಹತ್ರ ಇದನ್ನೆಲ್ಲ ಹೇಳ್ತಾರೇನೇ? ನಿಲ್ಲೋ ಕಾಲಕ್ಕೆ ಹಿಂಗೇ ಆಗತ್ತೆ ಅಂತ ಊರಲ್ಲಿ ಎಲ್ಲರೂ ಅಂತಿದ್ರು. ನಿಲ್ಲತ್ತೆ ಅಂತ ಕಾಯ್ತಿದ್ದೆ."

ಭಾವ ಕಿಟಕಿಯಾಚೆ ನೋಡುತ್ತಿದ್ದರು. ಇಪ್ಪತ್ತಾರು ವರ್ಷದ ಸಂಸಾರ. ಅವರಿಗೂ ಗೊತ್ತಿರಲಿಲ್ಲ. ಅಥವಾ ಗೊತ್ತಿತ್ತು, ಕೇಳಲು ಪದವಿರಲಿಲ್ಲ. ನಾನು ಅವರನ್ನು ಕೇಳಲಿಲ್ಲ. ನೋಡಿದಿರಾ, ನಾವು ಗಂಡಸರು ಒಬ್ಬರನ್ನೊಬ್ಬರೂ ಕೇಳುವುದಿಲ್ಲ.

ಮೂರು ವಾರದ ನಂತರ ಹಿಸ್ಟರೆಕ್ಟಮಿ ಆಯಿತು. ಗರ್ಭಕೋಶವನ್ನೇ ತೆಗೆಯುವುದು. (ಹಿಸ್ಟೀರಿಯಾ ಅನ್ನುವ ಪದವೂ ಅದೇ ಬೇರಿನದು. ಹೆಂಗಸರ ಕೂಗಾಟಕ್ಕೆಲ್ಲ ಗರ್ಭಕೋಶವೇ ಕಾರಣ ಎಂದು ಹಿಂದಿನ ಕಾಲದ ಗಂಡಸು ವೈದ್ಯರು ತೀರ್ಮಾನಿಸಿದ್ದರಂತೆ. ನಮ್ಮಕ್ಕ ಒಂದು ಸಲವಾದರೂ ಕೂಗಾಡಿದ್ದರೆ ಚೆನ್ನಾಗಿತ್ತು.) ಬಯಾಪ್ಸಿ ರಿಪೋರ್ಟ್ ಬರುವ ತನಕ ನಾಲ್ಕು ದಿನ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಬಂತು. ನಾನೇ ಓದಿ ಹೇಳಿದೆ. ಕ್ಯಾನ್ಸರ್‌ನ ಸುಳಿವೇ ಇಲ್ಲ. ಅಕ್ಕ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಡು ಅಂದಳು.

ಈಗ ತಿಪಟೂರಿಗೆ ವಾಪಸ್ ಹೋಗಿದ್ದಾಳೆ. ತುಟಿಗೆ ಬಣ್ಣ ಬಂದಿದೆ. ಬಾಯಿಗೂ ಬಲ ಬಂದಿದೆ. ಹೊಲಿಗೆ ಕ್ಲಾಸಿಗೆ ಬರುವ ಹೆಂಗಸರನ್ನೆಲ್ಲ ಕೂರಿಸಿಕೊಂಡು ಕಣ್ಣರೆಪ್ಪೆ ಎಳೆದು ನೋಡುತ್ತಾಳಂತೆ.

ಮೊನ್ನೆ ಆಫೀಸಿನಲ್ಲಿದ್ದಾಗ ಅವಳ ಫೋನ್ ಬಂತು. "ಪಕ್ಕದ ಬೀದಿ ಸಾವಿತ್ರಮ್ಮಂಗೂ ಹಿಂಗೇ ಕಣೋ. ಮುಖ ಬಿಳಿಚಿಕೊಂಡಿದೆ. ಡಾಕ್ಟರ್ ಹತ್ರ ಹೋಗು ಅಂದ್ರೆ ಕೇಳಲ್ಲ. ನೀನು ಒಂದು ಮಾತು ಹೇಳು, ಕೊಡ್ತೀನಿ."

ಬೇಡ ಅನ್ನುವಷ್ಟರಲ್ಲಿ ಕೊಟ್ಟೇಬಿಟ್ಟಳು. ಗಂಟಲು ಸರಿಮಾಡಿಕೊಂಡೆ. ಎದುರಿಗೇ ಪದ್ಮಜ ಟೈಪ್ ಮಾಡುತ್ತಿದ್ದಳು. ಕೇಳಿಸಿಕೊಂಡರೂ ಸರಿ ಅಂದುಕೊಂಡು ಕೇಳಿದೆ, "ಎಷ್ಟು ದಿನ ಇರತ್ತಮ್ಮ ಮುಟ್ಟು?"

"ಹದಿನೈದು ದಿನ ಕಣಪ್ಪ" ಅಂದರು ಸಾವಿತ್ರಮ್ಮ. "ಇಷ್ಟು ವರ್ಷದಲ್ಲಿ ಗಂಡಸು ಅಂತ ಕೇಳಿದ್ದು ನೀನೊಬ್ಬನೇ."

ನಾಳೆಯೇ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ ಎಂದು ಎರಡೆರಡು ಸಲ ಹೇಳಿ ಫೋನ್ ಇಟ್ಟೆ. ಇಟ್ಟ ಮೇಲೆ ನೆನಪಾಯಿತು. ಸಾವಿತ್ರಮ್ಮನ ಗಂಡ ಮೂವತ್ತು ವರ್ಷದಿಂದ ಊರಿನಲ್ಲಿ ಮೆಡಿಕಲ್ ಶಾಪ್ ನಡೆಸುತ್ತಿದ್ದಾರೆ.