ತಗ್ಗಿಗೆ ಇನ್ನು ನಾಲ್ಕೇ ತಲೆ

ಇನ್ನೂ ಬೆಳಕು ಹರಿದಿಲ್ಲ. ಟ್ಯಾಂಕಿನ ಬುಡದ ಗುಂಡಿಗೆ ಇಳಿದ ನೀರಕ್ಕ ಉದ್ದನೆಯ ಕಬ್ಬಿಣದ ಕೀಲಿಯನ್ನು ವಾಲ್ವಿಗೆ ಸಿಕ್ಕಿಸಿ, ಸೊಂಟ ಕೊಟ್ಟು ತಿರುಗಿಸುತ್ತಾಳೆ. ಕಾಲಡಿಯ ಪೈಪು ಗುಡುಗುಡು ಅನ್ನುತ್ತದೆ. ಮೊದಲು ಪೇಟೆಗೆ ನೀರು, ಆಮೇಲೆ ದಿಬ್ಬದ ಮನೆಗಳಿಗೆ. ದಿಬ್ಬದ ವಾಲ್ವಿಗೆ ಕೈಯಿಟ್ಟಾಗ ಮಾತ್ರ ಅವಳ ಮುಖ ಗಂಟಾಗುತ್ತದೆ.

"ಹೋಗು, ಮಹಾರಾಣಿ ಸ್ನಾನಕ್ಕೆ ಕಾದಿದಾಳೆ," ಎಂದು ನೀರಿಗೇ ಹೇಳುತ್ತಾಳೆ. ಮಹಾರಾಣಿ ಬೇರೆ ಯಾರೂ ಅಲ್ಲ, ದಿಬ್ಬದಲ್ಲಿರುವ ಒಡಹುಟ್ಟಿದ ತಂಗಿ.

ಇಡೀ ಪೇಟೆಗೆ ನೀರು ಬಿಡುವ ಈ ಹೆಂಗಸಿನ ಮನೆಗೇ ನಲ್ಲಿಯಿಲ್ಲ. ಕೆಲಸ ಮುಗಿಸಿ ಹೋಗಿ ಹಳ್ಳದ ಬಾವಿಯಿಂದ ಏಳು ಕೊಡ ಹೊರುತ್ತಾಳೆ. ಗಂಡ ತೀರಿಕೊಂಡ ಮೇಲೆ ಅವನ ಕೀಲಿ ಇವಳ ಕೈಗೆ ಬಂತು. ಮನೆ ತಗ್ಗಿನಲ್ಲಿ: ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ಹಳ್ಳ, ನಡುವೆ ನಲವತ್ತೊಂದು ಮನೆ. ಪೇಟೆಯವರು ಇದು ನಮ್ಮದಲ್ಲ ಅನ್ನುತ್ತಾರೆ, ಹಳ್ಳದಾಚೆಯ ಊರಿನವರು ನಮಗೂ ಬೇಡ ಅನ್ನುತ್ತಾರೆ. ದಿಬ್ಬಕ್ಕೆ ಹೋಗುವ ಪೈಪು ಮಾತ್ರ ನಾಚಿಕೆಯಿಲ್ಲದೆ ಇವರ ಅಂಗಳದಲ್ಲೇ ಹಾದುಹೋಗುತ್ತದೆ.

ಇನ್ನೂರು ಜನರಿದ್ದರೆ ಪೇಟೆಗೆ ಸೇರಿಸಿ ನಲ್ಲಿ ಕೊಡುತ್ತೇವೆ ಎನ್ನುವುದು ಕಚೇರಿಯ ನಿಯಮ. ಅದಕ್ಕಿಂತ ಕಡಿಮೆ ಜನಕ್ಕೆ ಬಾಯಾರಿಕೆ ಆಗುವುದಿಲ್ಲವೇನೋ. ದಿಬ್ಬವೂ ತಗ್ಗಿನ ಹಾಗೇ ಯಾರಿಗೂ ಬೇಡದ ಜಾಗವಾಗಿತ್ತು. ಹೋದ ವರ್ಷ ತಂಗಿಯ ಸೊಸೆ ಅವಳಿ ಹೆತ್ತಳು, ದಿಬ್ಬ ಇನ್ನೂರು ಮುಟ್ಟಿತು, ನಲ್ಲಿಯೂ ಬಂತು. ಅದೇ ತಿಂಗಳು ನೀರಕ್ಕ ಮಗಳನ್ನು ಮದುವೆ ಮಾಡಿ ಕಳಿಸಿದಳು, ತಗ್ಗು ನೂರ ತೊಂಬತ್ತಾರಕ್ಕೆ ಇಳಿಯಿತು.

"ನಾನು ಒಂದು ತಲೆ ಕಳಕೊಂಡೆ, ಅವಳು ಎರಡು ಗಳಿಸಿದ್ಲು. ಚಿಕ್ಕಂದಿನಿಂದ ಹಿಂಗೇ. ಜಡೆ ಅವಳದೇ ಉದ್ದ, ಗಂಡ ಅವಳಿಗೇ ಸಾಧು. ಮೊಮ್ಮಕ್ಕಳಲ್ಲೂ ಒಂದು ಕೊಂಡ್ರೆ ಒಂದು ಫ್ರೀ."

ಎರಡು ವಾರದ ಹಿಂದೆ ತಂಗಿ ದಿಬ್ಬ ಇಳಿದು ಬಂದಳು. ಅವಳ ಮಗನ ಕೆಲಸ ಹಳಿ ಪಕ್ಕದ ವರ್ಕ್‌ಶಾಪಿನಲ್ಲಿ, ತಗ್ಗಿನಿಂದ ಕೂಗಳತೆ.

"ಅಕ್ಕಾ, ನಿನ್ನ ಮುಂದಿನ ಕೋಣೆ ಖಾಲಿ ಬಿದ್ದಿದೆ. ಅವನ ಸಂಸಾರ ಇಲ್ಲೇ ಇರ್ಲಿ. ನಾಲ್ಕು ಜನ ಆಗ್ತಾರೆ."

"ಆಗ ನಿಮ್ಮ ನಲ್ಲಿ?"

"ಹಾಕಿದ ನಲ್ಲೀನ ಯಾರು ಕೀಳ್ತಾರೆ?"

"ನಿನ್ನ ಮೊಮ್ಮಕ್ಕಳನ್ನ ಕಡ ತಂದು ನಾನು ನೀರು ಕುಡೀಬೇಕಾ?"

"ಬೇಡ ಬಿಡು, ಕೊಡ ಹೊರು. ಸೊಂಟ ನಿಂದು," ಎಂದು ತಂಗಿ ಎದ್ದು ಹೋದಳು.

ಮೂರು ದಿನ ನೀರಕ್ಕ ಬಿಗುಮಾನ ಬಿಡಲಿಲ್ಲ. ನಾಲ್ಕನೆಯ ದಿನ ಪಕ್ಕದ ಮನೆಯ ಅಜ್ಜಿ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಳು. ಅವತ್ತು ಸಂಜೆಯೇ ನೀರಕ್ಕ ದಿಬ್ಬ ಹತ್ತಿ ತಂಗಿಯ ಬಾಗಿಲಲ್ಲಿ ನಿಂತಳು. "ಕಳಿಸು," ಅಂದಳು, ಅಷ್ಟೇ. ಒಳಗೆ ಕೂರಲೂ ಇಲ್ಲ.

ಈಗ ಮುಂದಿನ ಕೋಣೆಗೆ ಸುಣ್ಣ ಹೊಡೆದಾಗಿದೆ. ಎರಡು ತೊಟ್ಟಿಲು ತೂಗುತ್ತಿವೆ. ಸೋಮವಾರ ಕಚೇರಿಯವರು ತಲೆ ಎಣಿಸಲು ಬರುತ್ತಾರೆ. ತಂಗಿಯ ಮಾತೆತ್ತಿದರೆ ನೀರಕ್ಕ ಇವತ್ತಿಗೂ ಮೂಗು ಮುರಿಯುತ್ತಾಳೆ. ಒಂದು ಕೂಸನ್ನು ಸೊಂಟಕ್ಕೇರಿಸಿಕೊಂಡು, ನಲ್ಲಿ ಬರಬೇಕಾದ ಮೂಲೆಯನ್ನು ಕಾಲಲ್ಲೇ ತೋರಿಸುತ್ತಾಳೆ.

"ನಮ್ಮದು ತಗ್ಗು. ನೀರು ಮೊದಲು ಇಲ್ಲಿಗೆ ಬಂದು, ಆಮೇಲೆ ಏದುಸಿರು ಬಿಡ್ತಾ ದಿಬ್ಬ ಹತ್ತಬೇಕು. ನನ್ನ ಬಿಂದಿಗೆ ತುಂಬಿರುತ್ತೆ, ಅವಳು ಇನ್ನೂ ನಲ್ಲಿ ಮುಂದೆ ಕೂತಿರ್ತಾಳೆ. ಅದೊಂದು ನೋಡಿದ್ರೆ ಸಾಕು ನಂಗೆ."